ತುಳಿಯದ ಹಗೇವು

೧೦ ಅಕ್ಟೋಬರ್ ೧೯೨೬, ಖಾನಾಪುರ

ನಾನು ಕಲಿಸುವ ಬೆಳಗಾವಿಯ ಸಾಲಿಗೆ ನವರಾತ್ರಿ ಸೂಟಿ. ಮುಂಜಾನೆಯ ಗಾಡಿಗೆ ಬಂದೆ. ಮತ್ತೆ ಅಳತೆ. ಹಿತ್ತಲಿನ ಎರಡೂ ಹಗೇವು ಸರಿಸಮ. ಅಪ್ಪನ ಕಾಲದಲ್ಲಿ ಕಾಳು ತುಂಬುತ್ತಿದ್ದ ಕುಣಿಗಳು, ಈಗ ಖಾಲಿ. ಒಂದಕ್ಕೆ ಗುಡ್ಡದ ಹಸಿ ಹುಲ್ಲು — ಕೊಯ್ಯುವ ಕಷ್ಟವಷ್ಟೇ. ಇನ್ನೊಂದಕ್ಕೆ ಮೂಡಲ ಹೊಲದ ಜೋಳ, ಹಾಲುಗಾಳಿನಲ್ಲೇ ಕೊಯ್ದು. ಬೇಸಿಗೆಗೆ ನಾಲ್ಕೂ ಆಕಳಿಗೆ ಹಸಿರು ಮೇವು. ಯಾವುದು ಅಗ್ಗ, ಯಾವುದಕ್ಕೆ ಹಾಲು ಹೆಚ್ಚು — ನೋಡಿಯೇ ಬಿಡುವುದು.

ಅಕ್ಕ ಸಿದ್ದಕ್ಕ ಬಾಗಿಲಿಗೆ ಅಡ್ಡ ನಿಂತಳು. ಹೊಲ, ಆಕಳು, ನಾನು — ಮೂರೂ ಅವಳ ತಾಬೆಯಲ್ಲಿ.

"ತಮ್ಮಾ, ಹಸೀ ಜ್ವಾಳಾ ಕೊಯ್ದ್ರ ವರ್ಷದ ರೊಟ್ಟಿ ನಿನ್ನ ಬಿ.ಎ. ಕಾಗದದಾಗ ಬಡೀಲೇನು?"

"ಅನ್ನಾ ಉಣ್ಣೂಣು."

"ಮ್ಯಾವು ಕೆಟ್ಟರ? ಹೋದ ಬ್ಯಾಸಗ್ಯಾಗ ಎರಡು ಆಕಳಾ ಬತ್ತಿದ್ದು ಮರತೇನು? ಈ ಸಲಾ ಬತ್ತಿದ್ರ ನಾಲ್ಕೂ ಸಂತಿಗಿ ಹೊಡೀತೀನಿ."

ಕೆಡುವುದಿಲ್ಲ. ಸೈಲೇಜ್ ಎಂದರೆ ಇಷ್ಟೇ: ಹಸಿರು ಒಳಗೆ, ಉಸಿರು ಹೊರಗೆ. ಗಾಳಿ ಉಳಿಯದಂತೆ ತುಳಿ, ಮಣ್ಣು ಮುಚ್ಚು. ಪ್ರಾಸವೂ ಕೂಡಿತು, ಶಾಸ್ತ್ರವೂ.

೧೨ ಅಕ್ಟೋಬರ್, ಸಂಜೆ

ಹುಲ್ಲಿನ ಹಗೇವು ತುಂಬಿತು. ಆಳುಮಗ ಬಸಲಿಂಗಪ್ಪ, ನಾನು — ದಿನವಿಡೀ ತುಳಿದೆವು. ಮೊಣಕಾಲಿಗೆ ಪದವಿಯ ಹಂಗಿಲ್ಲ, ನೋಯುತ್ತಿದೆ.

೧೩ ಅಕ್ಟೋಬರ್

ಜೋಳ. ತೆನೆಸಹಿತ. ಬಸಲಿಂಗಪ್ಪ ಕಾಲಿನ ಕಾಲ್ಮರಿ ಕಳಚಿಟ್ಟು, ಕೈಮುಗಿದು ಅಂಚಿನಲ್ಲೇ ನಿಂತ.

"ತೆನಿ ಅದಾವ್ರಿ ಮಾಸ್ತರ್ರ. ಲಕ್ಷ್ಮೀನ್ನ ಹೆಂಗ ತುಳೀಲಿ? ಮದಲ ನೀವು ತುಳೀರಿ, ಹಿಂದ ನಾ."

ಇಳಿದೆ. ಕಾಲಿಟ್ಟೆ. ಹಾಲುಗಾಳು ಒಡೆದು ಬೆರಳಿಗೆ ತಣ್ಣಗೆ ಹತ್ತಿತು... ಕಾಲು ಹಿಂದೆಗೆದೆ. "ತನ್ನ ಭಾರಕ್ಕ ತಾನ ಕೂಡ್ರತೈತಿ, ಮಣ್ಣು ಹಾಕು" ಎಂದೆ. ಹಾಕಿದ. ಕೂಡ್ರುತ್ತದೆ, ಅದಕ್ಕೇನು.

೧೩ ಮಾರ್ಚ್ ೧೯೨೭, ಖಾನಾಪುರ

ಹುಲ್ಲಿನದು ತೆಗೆದೆವು. ಹಳದಿಹಸಿರು, ಹುಳಿ ಅಂಬಲಿಯ ವಾಸನೆ. ಕರಿ ಆಕಳು ಮೂಸಿತು, ಸೀನಿತು — ಆಮೇಲೆ ಬುಟ್ಟಿಯನ್ನೇ ಬಿಡಲೊಲ್ಲದು. ಅಕ್ಕ: "ನನ್ನ ಅಡಗೀನ ಇಷ್ಟ್ ಅಕ್ಕರೀಲೆ ಈ ಮನ್ಯಾಗ ಯಾರೂ ಉಂಡಿಲ್ಲ."

೨೮ ಮಾರ್ಚ್, ಬೆಳಗಾವಿ

ಅಕ್ಕನ ಕಾರ್ಡು. ಅರ್ಧ ಒಣ ಭತ್ತದ ಹುಲ್ಲು, ಅರ್ಧ ಹಗೇವಿನದು; ಹಾಲು ತುಸುವೂ ಇಳಿದಿಲ್ಲವಂತೆ. ಊರ ಪಕ್ಕದ ಶಹಾಪುರದಲ್ಲಿ ಸಿಕ್ಕವರಿಗೆಲ್ಲ ಓದಿ ತೋರಿಸಿದೆ. ಪಾಪ, ನೇಕಾರರು, ಮಗ್ಗ ನಿಲ್ಲಿಸಿ ಕೇಳಿದರು. ಹುಲ್ಲೇ ಹೀಗಾದರೆ ಜೋಳ ಹೇಗಿದ್ದೀತು!

೧೭ ಏಪ್ರಿಲ್, ಖಾನಾಪುರ, ಮಧ್ಯಾಹ್ನ

ಜೋಳದ್ದು ತೆಗೆದೆವು. ಕರ್ರಗೆ. ತಳದ ತನಕ ಬೂಜು. ಆಕಳು ಮುಖ ತಿರುವಿದವು. ತುಳಿದದ್ದು ಉಳಿಯಿತು, ಉಳಿಸಿದ್ದು ಕೊಳೆಯಿತು. ವರ್ಷದ ರೊಟ್ಟಿ ತಿಪ್ಪೆಗೆ.

ಹುಲ್ಲಿನದು ಇನ್ನೂ ಒಂದಾಳು ಆಳ ಇದೆ. ಭತ್ತದ ಹುಲ್ಲು ಬೆರೆಸಿದರೆ ನಾಲ್ಕೂ ಆಕಳು ಜೂನಿನ ಮೃಗದ ಮಳೆ ಮುಟ್ಟುತ್ತವೆ — ಸಂಶಯವಿಲ್ಲ. ಸಂತೆಗೆ ಯಾವುದೂ ಹೋಗಬೇಕಿಲ್ಲ. ಮುಂದಿನ ವರ್ಷ ಎರಡೂ ಹಗೇವಿಗೆ ಗುಡ್ಡದ ಹುಲ್ಲೇ.

ಅಂಗಳದಲ್ಲಿ ಅಕ್ಕನ ದನಿ. "ತುಳಿ ಅಂದ್ರ ತುಳೀಲಿಕ್ಕೆ ಕಾಲಿಗೇನ್ ಅರಿಷಿಣಾ ಹಚ್ಚಿತ್ತೇನು, ಮದಿಮಗನ? ನಾಳಿಂದ ಬ್ಯಾರೆ ಮನಿ ನೋಡ್ಕೊ!"

"ಖರೇ ಅದ್ರಿ, ಅಕ್ಕಾರ. ನಂದ ತಪ್ಪು" — ಬಸಲಿಂಗಪ್ಪ. ಅಷ್ಟೇ. ನಾನು ಬರೆಯುತ್ತ ಕೂತ ಕಿಟಕಿಯತ್ತ ನೋಡಲೂ ಇಲ್ಲ.

ಹೊರಗೆ ಹೋಗಬೇಕು. ಈಗಲೇ. ಪ್ರಾಸ ಬೇಡ. ಅಕ್ಕಾ, ಅವಂದಲ್ಲ, ಮದಲ ಕಾಲು ಹಿಂದ ತಗದಾಂವ —