ಇವರಿಗೆ ಮೊದಲೇ ಗೊತ್ತಿದ್ದ ನರಿ

೧೪ ನವೆಂಬರ್, ಗುರುವಾರ

ಇವರು ಮಲಗಿ ಗೊರಕೆ ಹೊಡೀತಿದ್ದಾರೆ. ನನಗೆ ನಿದ್ದೆ ಹತ್ತಿರ ಸುಳೀತಿಲ್ಲ, ಅದೂ ಒಂದು ನರಿಯ ದೆಸೆಯಿಂದ.

ಇಬ್ಬರೂ ದಿನಾ ನೋಡೋ ಟೀವಿಯ ಕಾಡುಪ್ರಾಣಿಗಳ ಕಾರ್ಯಕ್ರಮದಲ್ಲಿ ಇವತ್ತು ಬಾತುಮರಿ ಬಂಡೆಯ ತುದಿಯಿಂದ ಹಾರಿತು. ಕೆಳಗೆ ನರಿ ಕಾಯುತ್ತಿತ್ತು. ಎಂದಿನಂತೆ ನಾನು ಕಣ್ಣು ಮುಚ್ಚಿಕೊಂಡೆ, ಎಂದಿನಂತೆ ಇವರು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. "ಕಣ್ಣು ಬಿಡೇ, ಮರಿ ಬಚಾವಾಯ್ತು" ಅಂದರು. ಬಿಟ್ಟು ನೋಡಿದರೆ ಮರಿ ಇನ್ನೂ ಗಾಳಿಯಲ್ಲೇ ಇದೆ.

"ನಿಮಗೆ ಹೇಗೆ ಗೊತ್ತಾಯ್ತು?"

ರಿಮೋಟ್ ಎತ್ತಿ ಸದ್ದು ಕಡಿಮೆ ಮಾಡಿದರು. ಆಮೇಲೆ ಬಾಯಿಬಿಟ್ಟರು. ಬೇಕರಿಯ ಬೆಳಗಿನ ಪಾಳಿ ಮುಗಿಸಿ ಬಂದವರು ಮಧ್ಯಾಹ್ನವೇ ಒಬ್ಬರೇ ಕೂತು ಆ ದಿನದ ಕಂತು ನೋಡಿಬಿಡುತ್ತಾರಂತೆ. ನಾನು ಟೈಲರ್ ಅಂಗಡಿಯಿಂದ ಬಂದ ಮೇಲೆ ಇಬ್ಬರೂ ನೋಡೋದು ಅದರ ಮರುಪ್ರಸಾರ.

"ಯಾವುದು ಸಾಯುತ್ತೆ ಅಂತ ಮೊದಲೇ ಗೊತ್ತಿದ್ರೆ ನಿನಗೆ ಧೈರ್ಯ ಹೇಳಬಹುದಲ್ಲ ಅಂತ. ಮದುವೆಯಾದಾಗಿಂದ ಹೀಗೇ."

ನನ್ನ ಮೇಲಿನ ಪ್ರೀತಿಗೇ ಮಾಡಿದ್ದು, ಒಪ್ಪಿದೆ. ನಾದಿನಿಗೆ ಹೇಳಿದರೆ ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಅಂತಾಳೆ. ಮಾಡಿರಬಹುದು. ಆದರೆ ಆನೆಮರಿ ಕೆಸರಲ್ಲಿ ಹೂತುಕೊಂಡ ದಿನ "ಅಯ್ಯೋ, ಏನಾಗುತ್ತೋ" ಅಂದಿದ್ದರಲ್ಲ? ಹಿಡಿದ ಕೈ ಒದ್ದೆಯಾಗಿತ್ತಲ್ಲ? ಆ ಬೆವರೂ ನನ್ನದೇ ಇರಬೇಕು.

ಇಷ್ಟು ವರ್ಷ ಇಬ್ಬರೂ ಸೇರಿ ಹೆದರುತ್ತಿದ್ದೇವೆ ಅಂದುಕೊಂಡಿದ್ದೆ. ಆ ಸೋಫಾದ ಮೇಲೆ ನಾನೊಬ್ಬಳೇ ಕೂತಿದ್ದೆ.