ಮೂರನೇ ಸಲ ನಾನು ಬರಲಿಲ್ಲ

ಜಯಲಕ್ಷ್ಮಮ್ಮನವರಿಗೆ,

ನರ್ಸಮ್ಮ ಯಶೋಧರಾ ಮಾಡುವ ನಮಸ್ಕಾರ. ಬುಧವಾರ ಹಿರೀಸಾವೆಯ ಆರೋಗ್ಯ ಕೇಂದ್ರದಲ್ಲಿ ನಿಮ್ಮ ಮರಿಮೊಮ್ಮಗಳು ಪ್ರೇಕ್ಷಾಗೆ ಲಸಿಕೆ ಹಾಕಿದಾಗಿನಿಂದ ನನ್ನ ಮನಸ್ಸು ನೆಟ್ಟಗಿಲ್ಲ. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಕೊರೊನಾದ ಎರಡನೇ ಅಲೆ ಜೋರಾಗುವ ಮುಂಚೆ, ಲಸಿಕೆಗೆ ಕರೆಯಲು ನಾನು ನಿಮ್ಮ ಮನೆಗೆ ಎರಡು ಸಲ ಬಂದಿದ್ದೆ. ಮೊದಲ ಸಲ ಜಗಲಿಗೆ ಕಾಲಿಡುವಷ್ಟರಲ್ಲೇ ನೀವು, "ಅಲ್ಲೇ ನಿಂತ್ಕಳವ್ವ, ಒಳೀಕ್ ಬರ್ಬ್ಯಾಡ" ಎಂದಿರಿ. ಆಗ ಎಲ್ಲರೂ ಎಲ್ಲರಿಗೂ ಹಾಗೆ ಹೇಳುತ್ತಿದ್ದರು, ನಿಜ. ಆದರೆ ನಾನು ಆ ಮಾತನ್ನು ಚಿಕ್ಕಂದಿನಲ್ಲಿ, ನಮ್ಮವ್ವ ಮಾರಮ್ಮನ ಜೊತೆ ನಿಮ್ಮೂರಿಗೆ ಕಳೆ ಕೀಳಲು ಬರುತ್ತಿದ್ದಾಗಲೇ ಕೇಳಿದ್ದೆ.

ಎರಡನೇ ಸಲ ನಿಮ್ಮ ಯಜಮಾನರು ಕೆಂಪಣ್ಣನವರು ಹಿಂದಿನಿಂದ ಇಣುಕಿ, "ಆಕುಸ್ಕೊಂಡ್ರೆ ಏನಾಯ್ತದವ್ವ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ನೀವು, "ಈವಮ್ಮನ್ ಕೈಲಿ ನಮ್ಗೇನೂ ಬ್ಯಾಡ" ಎಂದು ಬಾಗಿಲು ಹಾಕಿಕೊಂಡಿರಿ.

ಶಾಲೆಯಲ್ಲಿ ಲಸಿಕೆ ಹಾಕುವ ದಿನ ಮತ್ತೊಮ್ಮೆ ಕರೆಯಬೇಕಿತ್ತು. ನಿಮ್ಮ ಬೀದಿಯ ತಿರುವಿನವರೆಗೆ ಬಂದೆ. ಅಲ್ಲೇ ನಿಂತು, ನಿಮ್ಮಿಬ್ಬರ ಹೆಸರಿನ ಮುಂದೆ 'ನಿರಾಕರಿಸಿದ್ದಾರೆ' ಎಂದು ಬರೆದುಕೊಂಡು ಹಿಂತಿರುಗಿದೆ. ಬರೆಯುವಾಗ ಒಳಗೊಳಗೇ ಸಣ್ಣ ಸಮಾಧಾನವಾಯಿತು. ಅದನ್ನು ಮುಚ್ಚಿಡಲಾರೆ. ಮೇ ತಿಂಗಳಲ್ಲಿ ಕೆಂಪಣ್ಣನವರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದರು. ಅವರು ವಾಪಸ್ಸು ಬರಲಿಲ್ಲ.

ಒಂದು ಡೋಸ್ ಹಾಕಿಸಿದ್ದರೆ ಉಳಿಯುತ್ತಿದ್ದರೋ ಏನೋ, ಯಾರೂ ಹೇಳಲಾರರು. ನಾನಂತೂ ಇಷ್ಟು ವರ್ಷ, ನೀವು ಬೇಡವೆಂದದ್ದು ಸೂಜಿಯನ್ನಲ್ಲ, ಅದನ್ನು ಹಿಡಿದ ನನ್ನ ಕೈಯನ್ನು ಎಂದೇ ನಂಬಿದ್ದೆ. ಆ ಸಿಟ್ಟೇ ನನಗೆ ಆಸರೆಯಾಗಿತ್ತು.

ಬುಧವಾರ ಪಕ್ಕದ ಮೇಜಿನಲ್ಲಿ ಇನ್ನೊಬ್ಬ ನರ್ಸ್ ಖಾಲಿ ಕೂತಿದ್ದರು. ನೀವು ನೇರ ನನ್ನ ಹತ್ತಿರ ಬಂದು ಮಗುವನ್ನು ನನ್ನ ಮಡಿಲಿಗಿಟ್ಟು, "ನೀನೇ ಆಕವ್ವ" ಎಂದಿರಿ. ಆಮೇಲೆ ಮಗುವಿನ ತೊಡೆಗೆ ಹತ್ತಿ ಒತ್ತಿ ಹಿಡಿದು, ನಿಮ್ಮ ಮೊದಲ ಮಗನ ವಿಷಯ ಹೇಳಿದಿರಿ. "ಐವತ್ತೊರ್ಸಾಯ್ತು. ನರ್ಸಮ್ಮ ಒಬ್ಳು ಇಂಥದೇ ಬ್ಯಾಗ್ ಇಡ್ಕೊಂಡ್ ಬಂದಿದ್ಲು. ಚುಚ್ಚುದ್ ಮಾರ್ನೆ ದಿನ ಜ್ವರ ಬಂತು, ಮೂರ್ ದಿನುಕ್ಕೆ ಮಗ ಓಗ್ಬುಟ್ಟ. ನಾನೇ ಎತ್ಕೊಂಡೋಗಿ ಕೊಟ್ಟಿದ್ದೆ ಕಣವ್ವ, ಈ ಕೈಯಾರ."

ಆ ಜ್ವರ ಬೇರೆ ಯಾವುದೋ ಕಾಯಿಲೆಯದೂ ಇರಬಹುದು. ತರಬೇತಿಯಲ್ಲಿ ಅದನ್ನೇ ತಿಳಿಸಿ ಹೇಳಬೇಕೆಂದು ಕಲಿಸಿದ್ದಾರೆ. ನನಗೆ ಹೇಳಲಾಗಲಿಲ್ಲ. "ಮತ್ತೆ ಈಗ್ಯಾಕಮ್ಮ ಬಂದ್ರಿ?" ಎಂದಷ್ಟೇ ಕೇಳಿದೆ. "ಗೊತ್ತಿಲ್ಲ ಕಣವ್ವ. ಊಂ ಅಂದು ಮಗುನ್ನ ಕಳ್ಕೊಂಡೆ, ಬ್ಯಾಡ ಅಂದು ಇವ್ರುನ್ನ ಕಳ್ಕೊಂಡೆ. ಏನ್ ಮಾಡ್ಬೇಕೋ ತಿಳೀಲಿಲ್ಲ, ಬಂದೆ."

ಅಮ್ಮಾ, ನನಗೂ ತಿಳಿಯುತ್ತಿಲ್ಲ. ನಮ್ಮವ್ವ ಮರುಮಾತಿಲ್ಲದೆ ಲಸಿಕೆ ಹಾಕಿಸಿಕೊಂಡಳು, ರೇಷನ್ ನಿಲ್ಲಿಸುತ್ತಾರೆಂಬ ಭಯಕ್ಕೆ. ನಿಮ್ಮ ಪಕ್ಕದ ಮನೆಯ ನಟರಾಜು, ಭಾವಮೈದ ಹಾಕಿಸಿಕೊಂಡನೆಂಬ ಹಟಕ್ಕೆ ಬಂದ. ಹದಿನೆಂಟು ವರ್ಷದಿಂದ ಜನರಿಗೆ ತಿಳಿಸಿ ಹೇಳುತ್ತಿದ್ದೇನೆ, ಆ ಮಾತು ಕೇಳಿಯೇ ಬಂದವರು ಎಷ್ಟು ಜನವೋ, ಯಾರಿಗೆ ಗೊತ್ತು. ಅಂದು ನಿಮ್ಮನ್ನು ತಡೆದದ್ದು ಹೆದರಿಕೆಯೊಂದೇ ಎಂದು ನಂಬಲೂ ಮನಸ್ಸು ಒಪ್ಪುತ್ತಿಲ್ಲ. 'ಈವಮ್ಮನ್ ಕೈಲಿ' ಎಂದಿರಲ್ಲ! ನಿಮ್ಮನ್ನು ಕೇಳಿದರೆ ನಿಮಗಾದರೂ ಗೊತ್ತಿದೆಯೋ ಇಲ್ಲವೋ. ನಾನು ತಿರುವಿನಿಂದ ಹಿಂತಿರುಗಿದ್ದು ಸ್ವಾಭಿಮಾನಕ್ಕೋ, ನಿಮ್ಮ ಮೇಲೆ ಹಗೆ ತೀರಿಸಿಕೊಳ್ಳಲೋ, ಅದೂ ನನಗೆ ಗೊತ್ತಿಲ್ಲ. ಕೆಂಪಣ್ಣನವರು ಕೇಳಿದ್ದಕ್ಕೆ ಉತ್ತರ ಹೇಳಲಾದರೂ ಬರಬೇಕಿತ್ತು. ತಪ್ಪಾಯಿತು.

ಲಸಿಕೆ ಹಾಕಿದ ಮೇಲೆ ಮಗುವಿಗೆ ಬಂದಿದ್ದ ಜ್ವರ ಇಳಿದಿದೆ ಎಂದು ನಿಮ್ಮ ಮೊಮ್ಮಗಳು ಧನ್ಯಾ ಇವತ್ತು ಫೋನ್ ಮಾಡಿದ್ದಳು. ಎರಡು ದಿನ ನೀವು ಪ್ರೇಕ್ಷಾಳನ್ನು ತೋಳಿನಿಂದ ಕೆಳಗಿಳಿಸಲೇ ಇಲ್ಲವಂತೆ. ಲಸಿಕೆಯ ಜ್ವರ ತಾನಾಗಿ ಇಳಿಯುತ್ತದೆ ಎಂದು ಸಾವಿರ ತಾಯಂದಿರಿಗೆ ಧೈರ್ಯ ಹೇಳಿದ ನಾನೂ, ಆ ಎರಡು ದಿನ ನೆಟ್ಟಗೆ ಊಟ ಮಾಡಲಿಲ್ಲ.

ಮುಂದಿನ ಲಸಿಕೆ ಇನ್ನು ನಾಲ್ಕು ವಾರಕ್ಕೆ. ಇದನ್ನು ಓದಿದ ಮೇಲೂ ಮಗುವನ್ನು ನನ್ನ ಮಡಿಲಿಗೇ ಇಡುತ್ತೀರೋ, ಪಕ್ಕದ ಮೇಜಿಗೆ ಹೋಗುತ್ತೀರೋ, ನಿಮ್ಮಿಷ್ಟ. ಕರೆಯಲು ಮಾತ್ರ ನಾನೇ ಬರುತ್ತೇನೆ.

ಪ್ರೇಕ್ಷಾ ನೂರು ವರ್ಷ ತಣ್ಣಗೆ ಬಾಳಲಿ. ನಿಮಗೆ ನಿದ್ದೆ ಬರಲಿ.

ನಿಮ್ಮೂರ ನರ್ಸಮ್ಮ,
ಯಶೋಧರಾ