ಕೆಂಪು ಖಾಯಂ ಆದ ಫ್ಲಾಸ್ಕು

ಗದ್ವಾಲ
12 ಜುಲೈ 2014, ಶನಿವಾರ

ನೆರೆದಿರುವ ಬೀಕರ್ ಬಂಧುಗಳೇ, ಫ್ಲಾಸ್ಕ್ ಮಹಾಶಯರೇ, ಸಭಾಧ್ಯಕ್ಷೆಯಾದ ಶಾಂಭವಿ ಮೇಡಂ ಅವರೇ,

ಕಾಲೇಜಿನ ಬೋರ್ಡಿನ ಮೇಲೆ ‘ತೆಲಂಗಾಣ’ ಅಂತ ಬರೆದ ಬಣ್ಣ ಒಣಗೋದರೊಳಗೆ ನಮ್ಮ ಲ್ಯಾಬಿನಲ್ಲೂ ಬಣ್ಣ ಬದಲಾಯಿತು. ಮೇಡಂ, ಎರಡು ತಿಂಗಳಿಂದ ನೀವು ಮೈಲುತುತ್ತದ ನೀಲಿ ನೀರಿನಿಂದ ತಾಮ್ರದ ನ್ಯಾನೋ ಕಣ ಮಾಡುತ್ತಿದ್ದಿರಿ. ಸಂಜೆ ಕೆಂಪಾದದ್ದು ಬೆಳಿಗ್ಗೆ ಕೆಟ್ಟಿರುತ್ತಿತ್ತು. ಈ ಮಂಗಳವಾರ ಮಾತ್ರ ನೀಲಿ ಮಾಯವಾಯ್ತು, ಕೆಂಪು ಖಾಯಂ ಆಯ್ತು.

“ಕಾಂತೇಶ, ಈ ಫ್ಲಾಸ್ಕ್ ಚೊಲೋ ತೊಳ್ದಿದ್ರೇನ್ರಿ?” ಅಂತ ಕೇಳಿದಿರಿ.

“ಹೌದ್ರೀ ಮೇಡಂ, ಕನ್ನಡಿ ಹಂಗ.”

“ಅಟೆಂಡರ್ ಅಂದ್ರ ಹಿಂಗಿರಬೇಕು,” ಅಂದಿರಿ. ನಾನು ನಾಚಿಕೊಂಡೆ. ಕಾರಣ ಬೇರೆ ಇತ್ತು.

ಸೋಮವಾರ ನಿಮ್ಮ ಪಿಎಚ್.ಡಿ. ಗೈಡ್ ಸಾಹೇಬರ ಎದುರು ನೀವು ಅದನ್ನೇ ಮತ್ತೆ ಮಾಡಿ ತೋರಿಸಬೇಕು. ಅದಕ್ಕೇ ಈ ವಿನಂತಿ: ನೀಲಿ ನೀರಿಗೆ ಮೊದಲು ಒಂದಿಷ್ಟು ಅಕ್ಕಿ ಗಂಜಿ ಬೆರೆಸಿರಿ. ಗಂಜಿ ಕುಡಿದ ನೂಲು ಮಗ್ಗದ ಮೇಲೆ ಎಳೆ ಬಿಡೋದಿಲ್ಲ. ನಿಮ್ಮ ತಾಮ್ರವೂ ಗಂಜಿಯಲ್ಲಿ ಗಟ್ಟಿ ನಿಲ್ಲುತ್ತದೆ, ನಾನು ನೋಡಿದ್ದೇನೆ. ನನ್ನ ನೌಕರಿಯ ಮಾತು ಸೋಮವಾರ ಸಂಜೆ ಆಡೋಣ.

ಸಭೆ ಸಾಕು. ಮೇಡಂ, ಮಂಗಳವಾರದ ಆ ಫ್ಲಾಸ್ಕ್ ನಾನು ತೊಳೆದಿರಲಿಲ್ಲ. ನಮ್ಮ ಮನೆ ಮಗ್ಗದ ನೂಲಿಗೆ ಅದರಲ್ಲೇ ಗಂಜಿ ಕಾಯಿಸಿದ್ದೆ.

ಇಂತಿ,
ಕಾಂತೇಶ